ಸವರುವ ಕೈಗೆ ಮರದ ಪರಿಚಯವಿರಲಿ

ಮುಂಗಾರಿಗೆ ಮುನ್ನ ಬೆಂಗಳೂರಿನ ಬೀದಿಗಳಲ್ಲಿ ಮರ ಸವರುವ ಕೆಲಸ ಜೋರಾಗಿ ನಡೆಯುತ್ತದೆ. ಒಂದು ಟ್ರ್ಯಾಕ್ಟರು, ನಾಲ್ಕಾರು ಆಳು, ಹಗ್ಗ, ಮಚ್ಚು, ಮೆಷಿನ್ ಗರಗಸ. ಬೆಳಗ್ಗೆ ತಂಪಾಗಿದ್ದ ಬೀದಿ ಸಂಜೆಯ ಹೊತ್ತಿಗೆ ಬಟಾಬಯಲು. ಯಾರೂ ಕೇಳುವುದಿಲ್ಲ. ಗಾಳಿಮಳೆಗೆ ಕೊಂಬೆ ಮುರಿದು ಕಾರಿನ ಮೇಲೆ, ತಂತಿಯ ಮೇಲೆ ಬೀಳುವ ಬದಲು ಮೊದಲೇ ತೆಗೆದರೆ ಒಳ್ಳೆಯದಲ್ಲವೇ ಎಂದು ಸಮಾಧಾನಪಟ್ಟುಕೊಂಡು ಒಳಗೆ ಹೋಗುತ್ತೇವೆ.

ಮರವನ್ನೇ ಕಡಿಯಲು ಬಂದರೆ ನಮ್ಮ ಜನ ಸುಮ್ಮನೆ ಕೂರುವವರಲ್ಲ. 2016ರಲ್ಲಿ ಉಕ್ಕಿನ ಮೇಲ್ಸೇತುವೆಗಾಗಿ ಎಂಟುನೂರಕ್ಕೂ ಹೆಚ್ಚು ಮರಗಳು ಹೋಗುತ್ತವೆಂದು ಗೊತ್ತಾದಾಗ ಬೆಂಗಳೂರಿಗರು ಬೀದಿಯುದ್ದಕ್ಕೂ ಕೈ ಕೈ ಹಿಡಿದು ನಿಂತರು. ಮರುವರ್ಷ ಸರ್ಕಾರ ಆ ಯೋಜನೆಯನ್ನೇ ಕೈಬಿಟ್ಟಿತು. 2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರಾಲಿ ರಸ್ತೆಯಲ್ಲಿ ಅಗಲೀಕರಣಕ್ಕೆಂದು ನಲವತ್ತು ಮರಗಳು ಉರುಳಿದಾಗಲೂ ಊರು ಸಿಟ್ಟಿಗೆದ್ದಿತು. ಈ ಎಚ್ಚರ ನನಗೆ ಹೆಮ್ಮೆಯ ವಿಷಯ. ಆದರೆ ಬೀದಿಬದಿಯ ಮರಗಳನ್ನು ಬಹಳ ಕಾಲದಿಂದ ನೋಡುತ್ತ ಬಂದವನಾಗಿ ಒಂದು ಮಾತು ಹೇಳಲೇಬೇಕು. ಒಂದೇ ದಿನ ಕೊಡಲಿಗೆ ಬೀಳುವ ಮರ ನಮ್ಮ ಕಣ್ಣಿಗೆ ಬೀಳುತ್ತದೆ. ಹತ್ತು ವರ್ಷದ ತಪ್ಪು ಆರೈಕೆಯಿಂದ ಒಳಗೊಳಗೇ ಟೊಳ್ಳಾಗಿ ಸಾಯುವ ಮರ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಈ ವಾರ ಆ ಎರಡನೆಯ ಸಾವಿನ ಬಗ್ಗೆ ಬರೆಯುತ್ತಿದ್ದೇನೆ.

ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಹಳೆಯ ಮಳೆಮರವೊಂದರ ಕೆಳಗೆ ನಿಂತು ಕತ್ತೆತ್ತಿ ನೋಡಿ. ಕೊಂಬೆ ಕಾಂಡದಿಂದ ಹೊರಡುವ ಕಡೆ ಬಳೆ ತೊಟ್ಟಂತೆ ಒಂದು ಉಬ್ಬು ಕಾಣುತ್ತದೆ. ಮೇಲ್ಭಾಗದಲ್ಲಿ ತೊಗಟೆ ಸುಕ್ಕುಗಟ್ಟಿ ಗೆರೆ ಮೂಡಿರುತ್ತದೆ, ಕೆಳಭಾಗದಲ್ಲಿ ದಪ್ಪಗೆ ಊದಿಕೊಂಡಿರುತ್ತದೆ. ಆ ಉಬ್ಬು ಕಾಂಡದ್ದೇ ಭಾಗ, ಕೊಂಬೆಯದಲ್ಲ. ಕೊಂಬೆ ಸತ್ತರೆ ಅಥವಾ ಮುರಿದರೆ ಕೊಳೆ ಕಾಂಡದೊಳಗೆ ಇಳಿಯದಂತೆ ತಡೆಯುವ ಕಾವಲು ಅಲ್ಲೇ ಇದೆ. ಹಾಗಾಗಿ ಕೊಂಬೆ ತೆಗೆಯುವುದಾದರೆ ಬಳೆಗೆ ಹೊರಗೆ, ಆದರೆ ಅದಕ್ಕೆ ಹತ್ತಿರವಾಗಿ ಕೊಯ್ಯಬೇಕು. ಸರಿಯಾಗಿ ಕೊಯ್ದ ಗಾಯದ ಸುತ್ತ ಒಂದೆರಡು ವರ್ಷದಲ್ಲಿ ಹೊಸ ತೊಗಟೆ ಎಲ್ಲ ಕಡೆಯಿಂದಲೂ ಸಮನಾಗಿ ಉರುಟಾಗಿ ಬೆಳೆದು ಬರುತ್ತದೆ. ಬಳೆಯನ್ನೂ ಸೇರಿಸಿ ಕಾಂಡದ ಮಟ್ಟಕ್ಕೆ ಸವರಿಬಿಟ್ಟರೆ ಆ ಬೆಳವಣಿಗೆ ಎರಡು ಪಕ್ಕಗಳಲ್ಲಿ ಮಾತ್ರ ಬಂದು ಮೇಲೂ ಕೆಳಗೂ ಬಾಯಿ ತೆರೆದೇ ಉಳಿಯುತ್ತದೆ. ಮಳೆನೀರು ಇಳಿಯುತ್ತದೆ, ಅಣಬೆ ಹಿಡಿಯುತ್ತದೆ.

ಒಮ್ಮೆ ಸವರುತ್ತಿದ್ದವರನ್ನು ಬುಡಕ್ಕೇ ಏಕೆ ಕೊಯ್ಯುತ್ತೀರಣ್ಣ ಎಂದು ಕೇಳಿದೆ. "ಹಿಂಗೆ ಕೊಯ್ದ್ರೇನೇ ಸಾರ್ ನೀಟಾಗಿ ಕಾಣೋದು. ಸ್ವಲ್ಪ ಬಿಟ್ರೆ ಸಾಹೇಬ್ರು ಕೆಲಸ ಅರ್ಧ ಮಾಡಿದೀರ ಅಂತಾರೆ" ಎಂದರು. ಮೂವತ್ತು ಅಡಿ ಎತ್ತರದಲ್ಲಿ ಹಗ್ಗ ಕಟ್ಟಿಕೊಂಡು ನಿಂತು ಆ ಭಾರದ ಕೊಂಬೆಯನ್ನು ಯಾರ ಮೇಲೂ ಬೀಳದಂತೆ ಇಳಿಸುವ ಅವರ ಕೈಚಳಕ ನಿಜಕ್ಕೂ ದೊಡ್ಡದು. ಬಳೆ ಯಾವುದೆಂದು ಅವರಿಗೆ ಯಾರೂ ತೋರಿಸಿಲ್ಲ, ಅಷ್ಟೇ.

ಇದನ್ನು ಜಗತ್ತಿಗೆ ತೋರಿಸಿಕೊಟ್ಟವರು ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಆಲೆಕ್ಸ್ ಶೈಗೊ. ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ, ಹಳೆಯ ಗಾಯಗಳು ಒಳಗೆ ಏನಾಗಿವೆ ಎಂದು ಅವರು ನೋಡಿದರು. ನಮ್ಮ ಮೈಯಲ್ಲಿ ಗಾಯದ ಜಾಗಕ್ಕೆ ಹೊಸ ಮಾಂಸ ಬರುತ್ತದೆ, ಮರದಲ್ಲಿ ಹಾಗಿಲ್ಲ. ಕೆಟ್ಟ ಭಾಗದ ಸುತ್ತ ಮರ ಗೋಡೆ ಎಬ್ಬಿಸುತ್ತದೆ, ಅದನ್ನು ಅಲ್ಲೇ ಬಿಟ್ಟು ಹೊರಗೆ ಹೊಸ ಮರ ಕಟ್ಟಿಕೊಳ್ಳುತ್ತದೆ. ಗಾಯ ಜೀವನಪರ್ಯಂತ ಒಳಗೇ ಇರುತ್ತದೆ. ಗಾಯಕ್ಕೆ ಡಾಂಬರು, ಬಣ್ಣ ಬಳಿಯುವ ರೂಢಿಯಿಂದ ಕೊಳೆ ನಿಲ್ಲುವುದಿಲ್ಲ ಎಂಬುದನ್ನೂ ಅವರೇ ತೋರಿಸಿದರು. ಅವರ 'ಎ ನ್ಯೂ ಟ್ರೀ ಬಯಾಲಜಿ' ಹೊರಬಂದದ್ದು 1986ರಲ್ಲಿ. ಆ ತಿಳಿವಳಿಕೆ ನಮ್ಮ ವಾರ್ಡಿನ ಗುತ್ತಿಗೆದಾರನ ಗರಗಸದವರೆಗೆ ಇನ್ನೂ ಬಂದಿಲ್ಲ.

ಭಾರದ ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ ಅದು ಬೀಳುವಾಗ ಕಾಂಡದ ತೊಗಟೆಯನ್ನು ಉದ್ದಕ್ಕೆ ಸಿಗಿದುಕೊಂಡು ಬರುತ್ತದೆ. ಬೆಂಗಳೂರಿನ ಯಾವ ಬೀದಿಯಲ್ಲಿ ಬೇಕಾದರೂ ಇಂಥ ಗಾಯ ಸಿಗುತ್ತದೆ. ಸರಿಯಾದ ಕ್ರಮ ಮೂರು ಕೊಯ್ತದ್ದು. ಬಳೆಯಿಂದ ಒಂದಡಿ ಆಚೆ, ಮೊದಲು ಕೆಳಗಿನಿಂದ ಸ್ವಲ್ಪ ಆಳಕ್ಕೆ ಗೀರಬೇಕು. ಅದಕ್ಕೂ ಆಚೆ ಮೇಲಿನಿಂದ ಕೊಯ್ದು ಕೊಂಬೆ ಬೀಳಿಸಬೇಕು. ಉಳಿದ ಮೋಟನ್ನು ಕೊನೆಗೆ ಬಳೆಯ ಹೊರಗೆ ತೆಗೆಯಬೇಕು. ಐದು ನಿಮಿಷ ಹೆಚ್ಚು ಹಿಡಿಯಬಹುದು, ಅಷ್ಟೇ.

ಎಲ್ಲಕ್ಕಿಂತ ಕೆಟ್ಟದ್ದು ನೆತ್ತಿ ಹಾರಿಸುವುದು. ತಂತಿಗೆ ತಾಗುತ್ತದೆಂದು ಮರದ ತಲೆಯನ್ನೇ ಅಡ್ಡಕ್ಕೆ ಕತ್ತರಿಸಿ ಮೋಟು ಮಾಡಿ ಹೋಗುತ್ತಾರೆ. ಎಲೆಯೆಲ್ಲ ಹೋದ ಮರ ಕೂಡಿಟ್ಟ ಸತ್ವ ಖರ್ಚು ಮಾಡಿ ಒಟ್ಟೊಟ್ಟಾಗಿ ಚಿಗುರುತ್ತದೆ. ಪಾಪ, ಎಷ್ಟು ಬೇಗ ಹಸಿರಾಯಿತು ಎಂದು ನಾವು ಸಂತೋಷಪಡುತ್ತೇವೆ. ಆದರೆ ಆ ಚಿಗುರುಗಳಿಗೆ ಹಳೆಯ ಕೊಂಬೆಗಿದ್ದ ಒಳಬೇರೂರಿಕೆ ಇಲ್ಲ. ಹೊರಪದರಕ್ಕೆ ಮಾತ್ರ ಅಂಟಿಕೊಂಡಿರುತ್ತವೆ. ಕೆಲವೇ ವರ್ಷದಲ್ಲಿ ದಪ್ಪವಾಗುತ್ತವೆ, ಕೆಳಗಿನ ಮೋಟು ಅಷ್ಟರಲ್ಲಿ ಕೊಳೆತಿರುತ್ತದೆ, ಗಾಳಿಗೆ ಬುಡಸಮೇತ ಕಿತ್ತು ಬೀಳುತ್ತವೆ. ಅಪಾಯ ತಪ್ಪಿಸಲು ಮಾಡಿದ ಕೆಲಸವೇ ಅಪಾಯ ತಂದಿಡುತ್ತದೆ. ಒಂದು ವರ್ಷದಲ್ಲಿ ಮರದ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದೆಂಬುದು ಈ ಕೆಲಸ ಬಲ್ಲವರ ಸಾಮಾನ್ಯ ನಿಯಮ. ತಂತಿಯ ಕಡೆ ಮಾತ್ರ ವರ್ಷ ವರ್ಷ ಕಡಿಯುತ್ತ ಹೋದರೆ ಭಾರವೆಲ್ಲ ಮನೆಯ ಕಡೆ ವಾಲುತ್ತದೆ. ಅದನ್ನು ಮುಂದೆ "ಅಪಾಯಕಾರಿ ಮರ" ಎಂದು ಗುರುತು ಹಾಕಿ ಬುಡಕ್ಕೇ ಕಡಿಯುತ್ತಾರೆ.

ಈ ಮರಗಳನ್ನು ನಮಗೆ ಕೊಟ್ಟವರು ಎಷ್ಟು ಲೆಕ್ಕಾಚಾರದಿಂದ ನೆಟ್ಟಿದ್ದರು ಎಂದು ನೆನೆದರೆ ಸಂಕಟವಾಗುತ್ತದೆ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡ ಸಂಸ್ಥಾನದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಕ್ರುಂಬಿಗಲ್, ಒಂದು ಬೀದಿ ಹೂ ಮುಗಿಸುವಾಗ ಇನ್ನೊಂದು ಬೀದಿ ಹೂ ಶುರುಮಾಡುವಂತೆ ಮರಗಳನ್ನು ಆರಿಸಿದರು. ಅವರು ಹಾಕಿಕೊಟ್ಟ ಆ ದಾರಿಯಿಂದಲೇ ಇವತ್ತಿಗೂ ನಮಗೆ ವರ್ಷದ ಆರಂಭದಲ್ಲಿ ಗುಲಾಬಿ ತಬೂಬಿಯಾ, ಮಾರ್ಚಿಗೆ ನೀಲಿ ಜಕರಂಡ, ಏಪ್ರಿಲ್ ಮೇ ತಿಂಗಳಿಗೆ ಗುಲ್‌ಮೊಹರ್ ಮತ್ತು ಹೊಳೆದಾಸವಾಳ, ಮಳೆ ಕಳೆದ ಮೇಲೆ ರಾತ್ರಿ ಘಮಘಮಿಸುವ ಆಕಾಶಮಲ್ಲಿಗೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಸೇತುರಾಮ್ ಗೋಪಾಲರಾವ್ ನೇಗಿನಹಾಳರು ನಗರದ ಬೀದಿಗಳಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದರು. ನಾವು ಇಂದು ಕೂತು ಮಾತಾಡುವ ನೆರಳಿನ ಬಹುಪಾಲು ಅವರದು. ಆ ತಲೆಮಾರಿನ ಮರಗಳಿಗೆ ಈಗ ನಲವತ್ತು ದಾಟಿದೆ. ಗುಲ್‌ಮೊಹರ್, ಕಾಪರ್‌ಪಾಡ್‌ಗಳಂಥ ಬೇಗ ಬೆಳೆಯುವ ಮರಗಳ ಕೊಂಬೆ ಮೊದಲೇ ಪೆಡಸು. ನೋಡಿಕೊಳ್ಳುವ ಕೈ ಅವಕ್ಕೆ ತುಂಬ ಅಗತ್ಯವಾದ ಕಾಲ ಇದೇ. ನಾವೋ ಪರಿಸರ ದಿನದಂದು ಹೊಸ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದರಲ್ಲೇ ಇದ್ದೇವೆ.

ನೆರಳಿನ ಬೆಲೆಯನ್ನು ಬೆಂಗಳೂರಿನಲ್ಲೇ ಅಳೆದಿದ್ದಾರೆ. ಹರಿಣಿ ನಾಗೇಂದ್ರ ಮತ್ತು ಜೊತೆಗಾರರ 2013ರ ಅಧ್ಯಯನದ ಪ್ರಕಾರ ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ ಮರವಿಲ್ಲದ ರಸ್ತೆಗಿಂತ 5.6 ಡಿಗ್ರಿವರೆಗೆ ಕಡಿಮೆ. ಡಾಂಬರಿನ ಮೇಲ್ಮೈ 27.5 ಡಿಗ್ರಿವರೆಗೆ ತಂಪು. ತಳ್ಳುಗಾಡಿಯ ಹಣ್ಣಿನವರು, ಚಪ್ಪಲಿ ಹೊಲಿಯುವವರು, ಇಸ್ತ್ರಿ ಅಂಗಡಿಯವರು ಮರದ ಕೆಳಗೇ ಏಕೆ ಕೂರುತ್ತಾರೆಂಬುದಕ್ಕೆ ಬೇರೆ ವಿವರಣೆ ಬೇಡ. ನೆತ್ತಿ ಹಾರಿಸಿದ ದಿನ ಮೊದಲ ಪೆಟ್ಟು ತಿನ್ನುವವರು ಅವರು.

ಇನ್ನು ಬೇರಿನ ವಿಷಯ. ಮರ ನೆಲದ ಮೇಲೆ ಎಷ್ಟು ಎತ್ತರವೋ ಕೆಳಗೆ ಅಷ್ಟೇ ಆಳ ಎಂದು ಬಹಳ ಜನ ನಂಬಿದ್ದಾರೆ. ನೀರು, ಗಾಳಿ ಹೀರುವ ಬೇರುಗಳ ಹೆಚ್ಚಿನ ಪಾಲು ಇರುವುದು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ, ಅದೂ ಕೊಂಬೆಗಳ ಹರವಿಗಿಂತ ಆಚೆಗೆ ಚಾಚಿಕೊಂಡು. ಚರಂಡಿಗೆ ಒಮ್ಮೆ, ಕೇಬಲ್ಲಿಗೆ ಒಮ್ಮೆ, ಫುಟ್‌ಪಾತಿಗೆ ಮತ್ತೊಮ್ಮೆ ಜೆಸಿಬಿ ಬಂದು ಒಂದು ಪಕ್ಕದ ಬೇರುಗಳನ್ನು ತುಂಡರಿಸಿ ಮೇಲೆ ಕಲ್ಲು ಹಾಸಿ ಹೋಗುತ್ತದೆ. ಮರ ಹಸಿರಾಗಿಯೇ ನಿಂತಿರುತ್ತದೆ. ಒಂದು ಮೇ ತಿಂಗಳ ಸಂಜೆ ಗಾಳಿಮಳೆಗೆ ಮಣ್ಣು ನೆನೆದಾಗ ಬೇರಿಲ್ಲದ ಪಕ್ಕದಿಂದ ಎದ್ದು ಬೀಳುತ್ತದೆ. ಮರುದಿನ ಪತ್ರಿಕೆಯಲ್ಲಿ "ಮಳೆಗೆ ಧರೆಗುರುಳಿದ ಮರ" ಎಂದು ಬರುತ್ತದೆ. ಬಿದ್ದ ಮರದ ಬೇರಿನ ಗಡ್ಡೆಯನ್ನು ಹತ್ತಿರ ಹೋಗಿ ನೋಡಿ. ಒಂದು ಕಡೆ ಸಲಿಕೆಯಿಂದಲೋ ಯಂತ್ರದಿಂದಲೋ ಕಡಿದ ನೇರ ಗೆರೆ ಎಷ್ಟೋ ಸಲ ಕಾಣುತ್ತದೆ. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಕಾಂಡದ ಸುತ್ತ ಒಂದು ಮೀಟರ್ ಜಾಗದಲ್ಲಿ ಕಾಂಕ್ರೀಟು ಇರಕೂಡದೆಂದು ಆದೇಶಿಸಿತು. ನನ್ನ ಪ್ರಕಾರ ದೊಡ್ಡ ಮರಕ್ಕೆ ಆ ಒಂದು ಮೀಟರೂ ಸಾಲದು. ಆದರೂ ನಮ್ಮ ಎಲ್ಲ ಬೀದಿಗಳಲ್ಲಿ ಅಷ್ಟಾದರೂ ಸಿಕ್ಕರೆ ದೊಡ್ಡ ಉಪಕಾರ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದದ್ದು 1976ರಲ್ಲಿ. ಮರ ಕಡಿಯುವುದು ಎಂದರೆ ಅದರಲ್ಲಿ ಬುಡ ಕಡಿಯುವುದಷ್ಟೇ ಅಲ್ಲ; ಕೊಂಬೆ ಕಡಿಯುವುದು, ತೊಗಟೆ ಸುಲಿಯುವುದು, ಸುಡುವುದು ಕೂಡ ಸೇರುತ್ತವೆ. ವೃಕ್ಷಾಧಿಕಾರಿಯ ಅನುಮತಿ ಬೇಕು. ಮರಗಣತಿ ಮಾಡಿಸುವುದು ವೃಕ್ಷ ಪ್ರಾಧಿಕಾರದ ಕೆಲಸಗಳಲ್ಲೊಂದು. ಕಾಂಡಕ್ಕೆ ಮೊಳೆ ಹೊಡೆದು ಟ್ಯೂಷನ್ ಬೋರ್ಡು ನೇತುಹಾಕುವವರು, ಬುಡದಲ್ಲಿ ಕಸ ಸುಡುವವರು, ಅಂಗಡಿಯ ಬೋರ್ಡು ಕಾಣುವುದಿಲ್ಲವೆಂದು ರಾತ್ರೋರಾತ್ರಿ ಕೊಂಬೆ ಕಡಿಸುವವರು ಈ ಕಾಯ್ದೆಯ ಹೆಸರನ್ನೇ ಕೇಳಿರಲಾರರು.

ಸುಧಾರಣೆಗೆ ದೊಡ್ಡ ಹಣ ಬೇಡ. ತಂತಿಯ ಕೆಳಗೆ ಮಳೆಮರ, ಮಹಾಗನಿ ನೆಟ್ಟು ಹತ್ತು ವರ್ಷದ ಮೇಲೆ ಅದರ ಕುತ್ತಿಗೆ ಕೊಯ್ಯುವ ಬದಲು ಕಕ್ಕೆ, ಮಂದಾರದಂಥ ಗಿಡ್ಡ ಮರ ನೆಡಬಹುದು. ಎಳೆಯ ಮರ ಬೆರಳು ದಪ್ಪ ಇದ್ದಾಗಲೇ ಬೇಡದ ಕವಲು ತೆಗೆದರೆ ಮುಂದೆ ತೊಲೆ ಗಾತ್ರದ ಕೊಂಬೆ ಕೊಯ್ಯುವ ಪ್ರಸಂಗವೇ ಬರುವುದಿಲ್ಲ. ಬರಿತಂತಿಯ ಬದಲು ಹೊದಿಕೆಯ ತಂತಿ ಎಳೆದ ಕಡೆ ಸವರುವ ಅಗತ್ಯ ಕಡಿಮೆಯಾಗುತ್ತದೆ. ಸವರುವ ಪ್ರತಿ ತಂಡಕ್ಕೂ ಲಾಲ್‌ಬಾಗಿನಲ್ಲಿ ಎರಡು ದಿನ ತರಬೇತಿ ಕೊಡಿಸಿ, ಅದನ್ನು ಪಡೆದವರಿಗೇ ಟೆಂಡರು ಎಂದು ಪಾಲಿಕೆಗಳು ಒಂದು ಸಾಲು ಸೇರಿಸಲಿ. ಮುಖ್ಯವಾಗಿ ಆಗಬೇಕಾದದ್ದು ಇದೇ.

ಅಲ್ಲಿಯವರೆಗೆ ಓದುಗರಾದ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ನಿಮ್ಮ ಬೀದಿಗೆ ಗರಗಸ ಬಂದ ದಿನ ಹೊರಗೆ ಬನ್ನಿ. ಅನುಮತಿ ಪತ್ರ ಇದೆಯೇ, ಯಾವ ಕೊಂಬೆ, ಯಾವ ಕಾರಣಕ್ಕೆ ಎಂದು ವಿನಯದಿಂದ ಕೇಳಿ. ಗೂಡು ಇದ್ದರೆ ಆ ಕೊಂಬೆ ಬಿಡಿಸಿ. ಮೇಲೆ ಹತ್ತಿದವರಿಗೆ ಕುಡಿಯಲು ನೀರು ಕೊಟ್ಟು, ಬಳೆಯ ಹೊರಗೆ ಕೊಯ್ಯಿರಿ ಎಂದು ಕೈ ತೋರಿಸಿ ಹೇಳಿ.