ಹಿತ್ತಲ ಗಿಡ, ದೂರದ ಮದ್ದು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಊರಿನವರ ಅಸಡ್ಡೆಯನ್ನು ಹಳಿಯಲು ಬಳಸುತ್ತೇವೆ. ಅದೇ ಗಿಡ ದೂರದ ಊರಿನಲ್ಲಿ ಮದ್ದಾದದ್ದು ಹೇಗೆ ಎಂಬುದನ್ನು ಗಾದೆ ವಿಚಾರಿಸುವುದಿಲ್ಲ. ಅಮೆರಿಕದ ಡೆಟ್ರಾಯಿಟ್ ನಗರದ ರಾಕ್ ಗಾಯಕ ಸಿಕ್ಸ್ಟೊ ರೊಡ್ರಿಗಸ್‌ನ ಬದುಕನ್ನು ನೋಡುವಾಗ ನನಗೆ ಮುಖ್ಯವೆನಿಸುವುದು ಈ ಎರಡನೆಯ ಪ್ರಶ್ನೆ. ತನ್ನ ಊರಿನಲ್ಲಿ ಯಾರಿಗೂ ಬೇಡವಾದ ಹಾಡುಗಾರ ಸಾವಿರಾರು ಮೈಲಿ ದೂರದ ದಕ್ಷಿಣ ಆಫ್ರಿಕಾದಲ್ಲಿ ಮನೆಮಾತಾದ. ವಿಚಿತ್ರವೆಂದರೆ ಆ ಸುದ್ದಿ ಹಾಡಿದವನಿಗೇ ಗೊತ್ತಿರಲಿಲ್ಲ.

ರೊಡ್ರಿಗಸ್ ಹುಟ್ಟಿದ್ದು 1942ರಲ್ಲಿ, ಮೆಕ್ಸಿಕೊದಿಂದ ವಲಸೆ ಬಂದ ದುಡಿಮೆಗಾರರ ಕುಟುಂಬದಲ್ಲಿ. ಆರನೆಯ ಮಗುವಾದ್ದರಿಂದ ಸಿಕ್ಸ್ಟೊ ಎಂದು ಹೆಸರಿಟ್ಟರು. ಸಸೆಕ್ಸ್ ಎಂಬ ರೆಕಾರ್ಡ್ ಕಂಪನಿ 1970ರಲ್ಲಿ ಆತನ 'ಕೋಲ್ಡ್ ಫ್ಯಾಕ್ಟ್', 1971ರಲ್ಲಿ 'ಕಮಿಂಗ್ ಫ್ರಮ್ ರಿಯಾಲಿಟಿ' ಎಂಬ ಎರಡು ಆಲ್ಬಂಗಳನ್ನು ಹೊರತಂದಿತು. ಎರಡೂ ಮಾರಾಟವಾಗಲಿಲ್ಲ. 1975ರಲ್ಲಿ ಕಂಪನಿಯೇ ಮುಚ್ಚಿತು. ಆತ ಹಳೆಯ ಕಟ್ಟಡಗಳನ್ನು ಕೆಡಹುವ, ಮನೆ ರಿಪೇರಿ ಮಾಡುವ ಕೂಲಿ ಕೆಲಸ ಹಿಡಿದ. ನಡುವೆ ಓದಿ 1981ರಲ್ಲಿ ತತ್ವಶಾಸ್ತ್ರದ ಪದವಿ ಪಡೆದ. ನಗರದ ಚುನಾವಣೆಗಳಿಗೆ ನಿಂತು ಸೋತ.

ಈ ಸೋಲಿಗೆ ಹಾಡುಗಳ ಗುಣಮಟ್ಟ ಕಾರಣವೇ? ಕೇಳಿದರೆ ಹಾಗನ್ನಿಸುವುದಿಲ್ಲ. ಬಡಾವಣೆಯ ಕೊಳಕು, ಮಾದಕ ವಸ್ತು ಮಾರುವವನಿಗಾಗಿ ಕಾಯುವ ಮನುಷ್ಯ, ಆಳುವವರ ಸುಳ್ಳು, ಕೆಲಸ ಕಳೆದುಕೊಂಡವನ ದಣಿವು ಇವೆಲ್ಲವನ್ನೂ ಆತ ಏರುದನಿಯಿಲ್ಲದೆ, ತಿಳಿಯಾದ ಕಂಠದಲ್ಲಿ ಹಾಡುತ್ತಾನೆ. ಮಾತು ಕಹಿ, ದನಿ ಸಿಹಿ. ಕೇಳುಗನಿಗೆ ಕಹಿ ತಿಳಿಯುವ ಹೊತ್ತಿಗೆ ರಾಗ ಮನಸ್ಸಿನಲ್ಲಿ ಕುಳಿತಿರುತ್ತದೆ. ಆದರೆ 1970ರ ಅಮೆರಿಕದಲ್ಲಿ ಪ್ರತಿಭಟನೆಯ ಹಾಡುಗಾರರಿಗೆ ಬರವಿರಲಿಲ್ಲ. ಬಾಬ್ ಡಿಲನ್‌ನ ನೆರಳಿನಿಂದ ಈಚೆ ಬರುವುದು ಯಾರಿಗೂ ಸುಲಭವಾಗಿರಲಿಲ್ಲ. ಮೇಲಾಗಿ ರೊಡ್ರಿಗಸ್ ಜನರಿಗೆ ಬೆನ್ನು ಹಾಕಿ ಹಾಡುವಷ್ಟು ಸಂಕೋಚದವನು. ಅದೇ ಸಸೆಕ್ಸ್ ಕಂಪನಿಯಿಂದ ಅದೇ 1971ರಲ್ಲಿ ಬಿಲ್ ವಿದರ್ಸ್ ದೊಡ್ಡ ಗಾಯಕನಾಗಿ ಬೆಳೆದ. ಆದ್ದರಿಂದ ಕಂಪನಿ ಚಿಕ್ಕದಿತ್ತು ಎಂಬ ವಿವರಣೆಯೂ ಪೂರ್ತಿ ಸಾಲದು. ಒಳ್ಳೆಯ ಹಾಡೊಂದಕ್ಕೆ ಅದು ಹುಟ್ಟಿದ ಊರಿನಲ್ಲಿ ತುರ್ತು ಇಲ್ಲದೆ ಹೋಗಬಹುದು, ಅಷ್ಟೆ.

ತುರ್ತು ಇದ್ದದ್ದು ಬೇರೆಡೆ. 1970ರ ದಶಕದ ದಕ್ಷಿಣ ಆಫ್ರಿಕಾ ವರ್ಣಭೇದ ನೀತಿಯ ಕಾಲದ್ದು. ಕರಿಯರನ್ನು ಕ್ರೂರವಾಗಿ ತುಳಿದ ಆ ಆಡಳಿತ ಬಿಳಿಯರ ಮನೆಯೊಳಗೂ ಕಾವಲು ಹಾಕಿತ್ತು. ಪುಸ್ತಕ, ಸಿನಿಮಾ, ಹಾಡು ಎಲ್ಲಕ್ಕೂ ಸೆನ್ಸಾರ್. ಟೆಲಿವಿಷನ್ ಆ ದೇಶಕ್ಕೆ ಬಂದದ್ದೇ 1976ರಲ್ಲಿ. ಬಿಳಿಯ ಹುಡುಗರಿಗೆ ಸೇನೆಯಲ್ಲಿ ಕಡ್ಡಾಯ ಸೇವೆಯಿತ್ತು, ಅನೇಕರನ್ನು ನಮೀಬಿಯಾ ಮತ್ತು ಅಂಗೋಲಾದ ಗಡಿಗೆ ಕಳಿಸುತ್ತಿದ್ದರು. ಈ ಹುಡುಗರ ಕೈಗೆ 'ಕೋಲ್ಡ್ ಫ್ಯಾಕ್ಟ್' ಬಂತು. ಕ್ಯಾಸೆಟ್‌ಗಳು ಬ್ಯಾರಕ್‌ನಿಂದ ಬ್ಯಾರಕ್‌ಗೆ ದಾಟಿದವು. ಸರ್ಕಾರಿ ರೇಡಿಯೊದ ಸಂಗ್ರಹದಲ್ಲಿದ್ದ ಪ್ರತಿಯಲ್ಲಿ 'ಶುಗರ್ ಮ್ಯಾನ್' ಹಾಡು ನುಡಿಯಬಾರದೆಂದು ಆ ಜಾಗವನ್ನಷ್ಟೇ ಮೊನಚು ಸಾಧನದಿಂದ ಗೀರಿ ಹಾಳು ಮಾಡಿದ್ದರು. ಸೆನ್ಸಾರ್ ಗೀರಿದ ಜಾಗವನ್ನು ಹುಡುಗರು ಇನ್ನಷ್ಟು ಗಮನವಿಟ್ಟು ಕೇಳಿದರೆ ಆಶ್ಚರ್ಯವೇನು?

ಆ ಹುಡುಗರು ಡೆಟ್ರಾಯಿಟ್ ಕಂಡವರಲ್ಲ. ಹಾಡುಗಳಲ್ಲಿದ್ದ ಮೇಯರ್, ಕಾರ್ಖಾನೆ, ಕೊಳೆಗೇರಿ ಅವರವಲ್ಲ. ಅವರಿಗೆ ಬೇಕಾಗಿದ್ದುದು ಆ ದನಿಯ ಧೋರಣೆ. ಆಳುವವರನ್ನು ಗೇಲಿ ಮಾಡಬಹುದು, ಅದಕ್ಕೆ ಕೂಗಾಡಬೇಕಾಗಿಲ್ಲ ಎಂಬ ಸಲುಗೆ ಅದರಲ್ಲಿತ್ತು. ಮುಂದೆ ಆಫ್ರಿಕಾನ್ಸ್ ಭಾಷೆಯಲ್ಲಿ ಬಂಡಾಯದ ರಾಕ್ ಹಾಡಿದ ಕೆಲವರು ರೊಡ್ರಿಗಸ್‌ನನ್ನು ತಮ್ಮ ಪ್ರೇರಣೆ ಎಂದು ನೆನೆದಿದ್ದಾರೆ. ಹಾಡು ಗಡಿ ದಾಟುವಾಗ ಅರ್ಥವನ್ನು ಇಡಿಯಾಗಿ ಹೊತ್ತೊಯ್ಯುವುದಿಲ್ಲ. ಹೋದ ಊರಿನವರು ತಮಗೆ ಬೇಕಾದ ಅರ್ಥವನ್ನು ತುಂಬಿಕೊಳ್ಳುತ್ತಾರೆ. ಅನುವಾದ ಓದುವ ನಮಗೆ ಇದು ಹೊಸದಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 'ದಕ್ಷಿಣ ಆಫ್ರಿಕಾದಲ್ಲಿ ರೊಡ್ರಿಗಸ್ ಪ್ರಸಿದ್ಧ' ಎಂದಾಗ ಆ ದೇಶದ ಯಾವ ಜನರ ಮಾತು ಆಡುತ್ತಿದ್ದೇವೆ? ಹೆಚ್ಚಾಗಿ ಬಿಳಿಯ ಮಧ್ಯಮ ವರ್ಗದ ಯುವಕರದು. ಬಹುಸಂಖ್ಯಾತ ಕರಿಯರ ಹೋರಾಟಕ್ಕೆ ಅವರದೇ ಹಾಡು, ಅವರದೇ ಕುಣಿತ, ಅವರದೇ ಗಾಯಕರಿದ್ದರು. ಮಿರಿಯಂ ಮಕೇಬಾ, ಹ್ಯೂ ಮಸೆಕೇಲಾ ಅಂಥವರು ದಶಕಗಳ ಕಾಲ ದೇಶದ ಹೊರಗೇ ಬದುಕಬೇಕಾಯಿತು. ಒಂದು ದೇಶದ ಅಭಿಮಾನ ಎಂಬುದು ಅನೇಕ ಸಲ ಆ ದೇಶದ ಒಂದು ಕೋಣೆಯ ಅಭಿಮಾನ. ಆ ಕೋಣೆಯಲ್ಲಿ ಹುಟ್ಟಿದ ಪ್ರೀತಿ ಸುಳ್ಳಲ್ಲ, ಆದರೆ ಅದನ್ನು ಇಡೀ ಮನೆಯ ಇತಿಹಾಸವೆಂದು ಹೇಳಬಾರದು.

ಅಭಿಮಾನಿಗಳಿಗೆ ತಮ್ಮ ಗಾಯಕನ ಬಗ್ಗೆ ಏನೂ ತಿಳಿದಿರಲಿಲ್ಲ. ಆಲ್ಬಂನ ಹೊದಿಕೆಯ ಮೇಲೆ ಹ್ಯಾಟು ಹಾಕಿ, ಕಪ್ಪು ಕನ್ನಡಕ ಧರಿಸಿ, ಚಕ್ಕಳಮಕ್ಕಳ ಹಾಕಿ ಕುಳಿತ ಒಬ್ಬ ವ್ಯಕ್ತಿ. ಒಳಗೆ ಹಾಡುಗಳ ಕರ್ತೃ ಎಂದು ಬೇರೆ ಬೇರೆ ಹೆಸರುಗಳು. ವರ್ಣಭೇದದ ವಿರುದ್ಧದ ಸಾಂಸ್ಕೃತಿಕ ಬಹಿಷ್ಕಾರದಿಂದಾಗಿ ಹೊರಗಿನ ಅನೇಕ ದೊಡ್ಡ ಗಾಯಕರು ಅಲ್ಲಿಗೆ ಹೋಗುತ್ತಿರಲಿಲ್ಲ. ಬಹಿಷ್ಕಾರ ಮುರಿದು 1984ರಲ್ಲಿ ಸನ್ ಸಿಟಿಯಲ್ಲಿ ಹಾಡಿದ ಕ್ವೀನ್ ತಂಡ ಬಹಳ ಟೀಕೆ ಎದುರಿಸಬೇಕಾಯಿತು. ಹೀಗೆ ಯಾರೂ ಬಾರದ ಊರಿನಲ್ಲಿ ರೊಡ್ರಿಗಸ್ ಬಾರದಿರುವುದು ಎದ್ದು ಕಾಣಲಿಲ್ಲ.

ಖಾಲಿ ಜಾಗವನ್ನು ವದಂತಿ ತುಂಬಿತು. ವೇದಿಕೆಯ ಮೇಲೆಯೇ ಗುಂಡು ಹಾರಿಸಿಕೊಂಡು ಸತ್ತ ಎಂದರು. ಮೈಗೆ ಬೆಂಕಿ ಹಚ್ಚಿಕೊಂಡ ಎಂದರು. ಹೆಂಡ್ರಿಕ್ಸ್, ಜಾಪ್ಲಿನ್, ಮಾರಿಸನ್ ಮೂವರೂ 1970 ಮತ್ತು 71ರಲ್ಲಿ ಸತ್ತದ್ದರಿಂದ ರಾಕ್ ಗಾಯಕನ ಅಕಾಲ ಮರಣ ನಂಬಲು ಕಷ್ಟದ್ದಾಗಿರಲಿಲ್ಲ. ಆದರೆ ವದಂತಿಗೆ ಇನ್ನೊಂದು ಬಗೆಯ ಅನುಕೂಲವಿತ್ತು. ಸತ್ತ ಗಾಯಕ ಕೆಟ್ಟದೊಂದು ಮೂರನೆಯ ಆಲ್ಬಂ ಮಾಡುವುದಿಲ್ಲ. ಸಂದರ್ಶನದಲ್ಲಿ ನಮಗೆ ಇಷ್ಟವಾಗದ ಮಾತು ಆಡುವುದಿಲ್ಲ. ಸಂಭಾವನೆ ಬಂತೇ ಎಂದು ವಿಚಾರಿಸುವುದೂ ಇಲ್ಲ. ಶಾಶ್ವತ ಕೀರ್ತಿ ಎನ್ನುವುದರಲ್ಲಿ ಈ ಅನುಕೂಲದ ಪಾಲು ಎಷ್ಟು ಎಂಬುದನ್ನು ನಾವು ಅಭಿಮಾನಿಗಳು ಅಪರೂಪಕ್ಕೂ ಯೋಚಿಸುವುದಿಲ್ಲ.

ಇಬ್ಬರು ಮಾತ್ರ ಯೋಚಿಸಿದರು. ಕೇಪ್‌ಟೌನ್‌ನ ರೆಕಾರ್ಡ್ ಅಂಗಡಿಯ ಸ್ಟೀಫನ್ ಸೆಗರ್ಮನ್ ಮತ್ತು ಪತ್ರಕರ್ತ ಕ್ರೇಗ್ ಬಾರ್ಥಲೊಮ್ಯೂ ಸ್ಟ್ರೈಡಮ್ ಈತ ಹೇಗೆ ಸತ್ತ ಎಂದು ತಿಳಿಯಲು ಹೊರಟರು. ಹಾಡೊಂದರಲ್ಲಿ ಬಂದ ಡಿಯರ್ಬಾರ್ನ್ ಎಂಬ ಊರ ಹೆಸರು ಡೆಟ್ರಾಯಿಟ್‌ನ ದಾರಿ ತೋರಿತು. ಆಲ್ಬಂನ ನಿರ್ಮಾಪಕರಲ್ಲೊಬ್ಬನಾದ ಮೈಕ್ ಥಿಯೋಡೋರ್ ಸಿಕ್ಕಾಗ ತಿಳಿದದ್ದು, ಆತ ಸತ್ತೇ ಇಲ್ಲ. ಇದು 1997ರ ಮಾತು. ಮರುವರ್ಷ ರೊಡ್ರಿಗಸ್ ದಕ್ಷಿಣ ಆಫ್ರಿಕಾಕ್ಕೆ ಬಂದು ತುಂಬಿದ ಸಭಾಂಗಣಗಳಲ್ಲಿ ಹಾಡಿದ. ಅಷ್ಟು ಹೊತ್ತಿಗೆ ವರ್ಣಭೇದ ನೀತಿ ಮುಗಿದು, ನೆಲ್ಸನ್ ಮಂಡೇಲಾ ಅಧ್ಯಕ್ಷರಾಗಿದ್ದರು.

ಈ ಕತೆಯನ್ನು ಜಗತ್ತಿಗೆ ಹೇಳಿದ್ದು ಸ್ವೀಡನ್‌ನ ಮಾಲಿಕ್ ಬೆಂಜಲೂಲ್ ನಿರ್ದೇಶಿಸಿದ 2012ರ ಸಾಕ್ಷ್ಯಚಿತ್ರ 'ಸರ್ಚಿಂಗ್ ಫಾರ್ ಶುಗರ್ ಮ್ಯಾನ್'. ಹಣ ಸಾಲದೆ ಕೆಲವು ಭಾಗಗಳನ್ನು ಫೋನಿನಲ್ಲೇ ಚಿತ್ರಿಸಿದ ಈ ಸಿನಿಮಾಕ್ಕೆ 2013ರಲ್ಲಿ ಆಸ್ಕರ್ ಬಂತು. ಹಿಮ ಬಿದ್ದ ಡೆಟ್ರಾಯಿಟ್ ಬೀದಿಯಲ್ಲಿ ನಿಧಾನ ನಡೆಯುವ ಮುದುಕನನ್ನು ನೋಡಿದವರು ಮರೆಯಲಾರರು. ಕತೆ ಕಟ್ಟುವುದರಲ್ಲಿ ಸಿನಿಮಾ ಗೆದ್ದಿದೆ. ಆದರೆ ಅದು ಒಂದು ದೇಶವನ್ನೇ ಬಿಟ್ಟುಬಿಟ್ಟಿದೆ, ಆಸ್ಟ್ರೇಲಿಯಾ.

1970ರ ದಶಕದ ನಡುವಿನಿಂದಲೇ ರೊಡ್ರಿಗಸ್‌ಗೆ ಆಸ್ಟ್ರೇಲಿಯಾದಲ್ಲಿ ಕೇಳುಗರಿದ್ದರು. ಅಲ್ಲಿನ ಕಂಪನಿಯೊಂದು ಹಕ್ಕು ಕೊಂಡು ಹಾಡುಗಳನ್ನು ಮರುಬಿಡುಗಡೆ ಮಾಡಿತು. 1979ರಲ್ಲಿ ಆತ ಅಲ್ಲಿಗೆ ಹೋಗಿ ಹಾಡಿದ, 1981ರಲ್ಲಿ ಮಿಡ್‌ನೈಟ್ ಆಯಿಲ್ ತಂಡದೊಂದಿಗೆ ಮತ್ತೆ ಹೋದ. ಆ ಕಚೇರಿಗಳ ಧ್ವನಿಮುದ್ರಣ 'ರೊಡ್ರಿಗಸ್ ಅಲೈವ್' ಎಂಬ ಹೆಸರಿನಲ್ಲಿ ಬಂತು. ಅಂದರೆ ದಕ್ಷಿಣ ಆಫ್ರಿಕಾದ ಹುಡುಗರು ಆತನ ಸಾವಿನ ಕತೆ ಹೇಳಿಕೊಳ್ಳುತ್ತಿದ್ದ ಹೊತ್ತಿನಲ್ಲೇ ಆತ ಇನ್ನೊಂದು ಖಂಡದಲ್ಲಿ ಗಿಟಾರ್ ಹಿಡಿದು ಸಾವಿರಾರು ಜನರೆದುರು ನಿಂತಿದ್ದ. ಸಿನಿಮಾ ಇದನ್ನು ಹೇಳಿದರೆ ಪವಾಡ ಮುಕ್ಕಾಗುತ್ತಿತ್ತು. 'ಯಾರಿಗೂ ಗೊತ್ತಿಲ್ಲದವನು' ಎಂಬ ಮಾತು ನಿಲ್ಲುತ್ತಿರಲಿಲ್ಲ.

ಸಾಕ್ಷ್ಯಚಿತ್ರ ಎಲ್ಲವನ್ನೂ ಹೇಳಬೇಕೆಂಬ ನಿಯಮವಿಲ್ಲ. ಆದರೆ ಏನನ್ನು ಬಿಟ್ಟಿತು ಎನ್ನುವುದು ಅದರ ನಿಲುವನ್ನು ತಿಳಿಸುತ್ತದೆ. ಆಸ್ಟ್ರೇಲಿಯಾದ ಕೇಳುಗರ ನಿಷ್ಠೆ ಸಾಧಾರಣವಾದದ್ದು. ಅವರು ರೆಕಾರ್ಡ್ ಕೊಂಡರು, ಗಾಯಕನನ್ನು ಕರೆಸಿದರು, ಟಿಕೆಟ್ ತೆಗೆದು ಕೇಳಿದರು. ಇದರಲ್ಲಿ ನಿಗೂಢ ಏನೂ ಇಲ್ಲ. ಗಾಯಕನೊಬ್ಬನಿಗೆ ಬೇಕಾದದ್ದು ಇಂಥ ನಿಷ್ಠೆಯೇ ಎಂದು ನನ್ನ ಅಭಿಪ್ರಾಯ. ಸಿನಿಮಾ ಆರಿಸಿಕೊಂಡದ್ದು ಸತ್ತವನು ಎದ್ದು ಬಂದ ಕತೆಯನ್ನು. ಅದರಲ್ಲಿ ನಾಯಕ ರೊಡ್ರಿಗಸ್ ಎನ್ನುವುದಕ್ಕಿಂತ ಆತನನ್ನು ಪತ್ತೆ ಮಾಡಿದ ಅಭಿಮಾನಿಗಳೇ ಎನ್ನಬೇಕು.

ದೂರದ ದೇಶದ ಅಭಿಮಾನ ಪವಾಡವಲ್ಲ ಎನ್ನಲು ಇನ್ನೊಂದು ಉದಾಹರಣೆ ನೋಡಬಹುದು. ಅಮೆರಿಕದ್ದೇ ಆದ ಚೀಪ್ ಟ್ರಿಕ್ ತಂಡದ ಮೊದಲ ಆಲ್ಬಂಗಳು ಸ್ವದೇಶದಲ್ಲಿ ಹೆಚ್ಚು ಓಡಲಿಲ್ಲ, ಜಪಾನಿನಲ್ಲಿ ಮಾತ್ರ ಹುಡುಗ ಹುಡುಗಿಯರು ಹುಚ್ಚೆದ್ದು ಕೇಳಿದರು. 1978ರ ಏಪ್ರಿಲ್‌ನಲ್ಲಿ ತಂಡ ಟೋಕಿಯೊದ ಬುಡೊಕಾನ್ ಸಭಾಂಗಣದಲ್ಲಿ ಹಾಡಿತು. ಆ ಧ್ವನಿಮುದ್ರಣ ಜಪಾನಿಗಾಗಿ ಬಂದ ಆಲ್ಬಂ. ಅದರ ಪ್ರತಿಗಳನ್ನು ಅಮೆರಿಕದವರು ಆಮದು ಮಾಡಿಕೊಂಡು ಕೇಳತೊಡಗಿದಾಗ ಕಂಪನಿ ಎಚ್ಚೆತ್ತು 1979ರಲ್ಲಿ ಅಲ್ಲಿಯೂ ಬಿಡುಗಡೆ ಮಾಡಿತು. ಅದೇ ತಂಡದ ದೊಡ್ಡ ಯಶಸ್ಸಾಯಿತು. ಜಪಾನಿನ ಅಭಿಮಾನಿಗಳ ಕೂಗು ಆ ಆಲ್ಬಂನಲ್ಲಿ ವಾದ್ಯದಷ್ಟೇ ಸ್ಪಷ್ಟವಾಗಿ ಕೇಳುತ್ತದೆ.

ಎರಡೂ ಕಡೆ ಹಿತ್ತಲ ಗಿಡ ದೂರದಲ್ಲಿ ಮದ್ದಾಯಿತು. ಒಂದು ವರ್ಷದೊಳಗೆ ಚೀಪ್ ಟ್ರಿಕ್‌ನ ಸುದ್ದಿ ಮನೆಗೆ ಮರಳಿತು. ದಕ್ಷಿಣ ಆಫ್ರಿಕಾದ ಸುದ್ದಿ ಡೆಟ್ರಾಯಿಟ್ ಮುಟ್ಟಲು ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಈ ವ್ಯತ್ಯಾಸಕ್ಕೆ ಅಭಿಮಾನದ ತೂಕ ಕಾರಣವಲ್ಲ, ದಾರಿ ಕಾರಣ. ಟೋಕಿಯೊದಿಂದ ಅಮೆರಿಕಕ್ಕೆ ವ್ಯಾಪಾರದ ಲೆಕ್ಕ, ಹಡಗು, ಪತ್ರಿಕೆ ಎಲ್ಲ ಇದ್ದವು. ಕೇಪ್‌ಟೌನ್‌ನಿಂದ ಡೆಟ್ರಾಯಿಟ್‌ಗೆ ಒಂದು ಕಡೆ ಬಹಿಷ್ಕಾರದ ಗೋಡೆ, ಇನ್ನೊಂದು ಕಡೆ ಮುಚ್ಚಿಹೋದ ಕಂಪನಿ. ಹಾಡು ದಾಟಿ ಹೋಗುವ ಸಂದಿಯಿತ್ತು, ಹಣ ಮರಳಿ ಬರುವ ಸಂದಿ ಇರಲಿಲ್ಲ.

ಹಣದ ಮಾತನ್ನು ಸಾಹಿತ್ಯ, ಸಂಗೀತದ ಚರ್ಚೆಯಲ್ಲಿ ತಂದರೆ ಕೆಲವರಿಗೆ ಮುಜುಗರವಾಗುತ್ತದೆ. ಆದರೆ ಇಲ್ಲಿ ಅದನ್ನು ಬಿಡಲಾಗದು. ದಕ್ಷಿಣ ಆಫ್ರಿಕಾದ ಹುಡುಗರು ರೆಕಾರ್ಡ್‌ಗೆ ದುಡ್ಡು ಕೊಟ್ಟಿದ್ದರು. ಆ ವರ್ಷಗಳಲ್ಲೆಲ್ಲ ರೊಡ್ರಿಗಸ್ ಗೋಡೆ ಒಡೆಯುತ್ತಿದ್ದ. ತನಗೆ ಅಲ್ಲಿಂದ ಗೌರವಧನ ಬರಲಿಲ್ಲ ಎಂದು ಆತ ಹೇಳಿದ್ದಾನೆ. ಸಿನಿಮಾದಲ್ಲಿ ಸಸೆಕ್ಸ್‌ನ ಒಡೆಯ ಕ್ಲಾರೆನ್ಸ್ ಅವಂತ್‌ಗೆ ಈ ಪ್ರಶ್ನೆ ಹಾಕಿದಾಗ ಆತ ಸಿಡಿಮಿಡಿಗೊಳ್ಳುವುದನ್ನು ನೋಡುತ್ತೇವೆ, ಉತ್ತರ ಸಿಗುವುದಿಲ್ಲ. ಸಿನಿಮಾವೂ ಬೇಗ ಅಲ್ಲಿಂದ ಮುಂದೆ ಸಾಗುತ್ತದೆ.

ನಮ್ಮಲ್ಲಿ ಡಾ. ರಾಜಕುಮಾರ್ ಅಭಿಮಾನಿಗಳನ್ನು ದೇವರುಗಳೆಂದು ಕರೆದರು. ಆ ಮಾತಿನಲ್ಲಿ ಕಲಾವಿದನ ವಿನಯವಿದೆ. ಕೇಳಿಸಿಕೊಳ್ಳುವ ನಮಗೆ ಮಾತ್ರ ಅದು ಸ್ವಲ್ಪ ಅಪಾಯದ್ದು. ದೇವರಾದವನು ಪೂಜೆ ಪಡೆದು ಸುಮ್ಮನೆ ಕೂರಬಹುದು, ಪೂಜಿಸಿದವನ ಮನೆಯ ಒಲೆ ಉರಿಯಿತೇ ಎಂದು ನೋಡಬೇಕಾಗಿಲ್ಲ. ಸೆಗರ್ಮನ್ ಮತ್ತು ಸ್ಟ್ರೈಡಮ್ ನನಗೆ ದೊಡ್ಡವರಾಗಿ ಕಾಣುವುದು ಅವರು ದೇವರ ಪೀಠದಿಂದ ಇಳಿದು ವಿಚಾರಿಸಿದ್ದಕ್ಕೆ. ಲಕ್ಷಾಂತರ ಸಲ ಹಾಡು ಕೇಳಿದವರಲ್ಲಿ 'ಇದನ್ನು ಹಾಡಿದವನು ಎಲ್ಲಿದ್ದಾನೆ?' ಎಂದು ಪಟ್ಟು ಹಿಡಿದು ಕೇಳಿದವರು ಬೆರಳೆಣಿಕೆಯಷ್ಟು.

ರೊಡ್ರಿಗಸ್ ಆಸ್ಕರ್ ಸಮಾರಂಭಕ್ಕೆ ಹೋಗಲಿಲ್ಲ. ಸಿನಿಮಾ ಮಾಡಿದವರ ಕೀರ್ತಿಗೆ ತಾನು ಅಡ್ಡ ಬರಬಾರದೆಂಬುದು ಆತನ ಇಚ್ಛೆ ಎಂದು ನಿರ್ಮಾಪಕರು ವೇದಿಕೆಯಲ್ಲಿ ತಿಳಿಸಿದರು. ಎಪ್ಪತ್ತು ದಾಟಿ, ಕಣ್ಣು ಮಂಜಾದ ಮೇಲೆ ಆತ ಅಮೆರಿಕ, ಯುರೋಪಿನ ದೊಡ್ಡ ಸಭಾಂಗಣಗಳಲ್ಲಿ ಹಾಡಿದ. ಬಂದ ದುಡ್ಡಿನಲ್ಲಿ ಬಹುಪಾಲನ್ನು ಹತ್ತಿರದವರಿಗೆ ಹಂಚಿ, ಡೆಟ್ರಾಯಿಟ್‌ನ ಹಳೆಯ ಮನೆಯಲ್ಲೇ ಉಳಿದ. 2023ರ ಆಗಸ್ಟ್ 8ರಂದು 81ನೆಯ ವಯಸ್ಸಿನಲ್ಲಿ ತೀರಿಕೊಂಡ. ಮೂರನೆಯ ಸ್ಟುಡಿಯೊ ಆಲ್ಬಂ ಬರಲೇ ಇಲ್ಲ. ಮೂವತ್ತು, ನಲವತ್ತರ ಹರೆಯದಲ್ಲಿ ಕೇಳುಗರ ಸುದ್ದಿ ಮುಟ್ಟಿದ್ದರೆ ಆತ ಬರೆಯಬಹುದಾಗಿದ್ದ ಹಾಡುಗಳು ಯಾವ ದೇಶದ ಅಭಿಮಾನಿಗೂ ಸಿಗಲಿಲ್ಲ. ಸುಖಾಂತ್ಯವೆಂದು ನಾವು ಕಣ್ಣೊರೆಸಿಕೊಳ್ಳುವ ಕತೆಯಲ್ಲಿ ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.