ಸಾಯದೆ ಉಳಿದ ಎಮು

ಕೊಡಿಯಾಲ್‌ಬೈಲಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿಗೆ ಬಂದವರಲ್ಲಿ ಹೆಚ್ಚಿನವರು ಕತ್ತೆತ್ತಿ ಒಂದು ಸುತ್ತು ಹಾಕಿ ಹೊರಟುಬಿಡುತ್ತಾರೆ. ಇಟಲಿಯ ಅಂತೋನಿಯೊ ಮೊಸ್ಕೇನಿ ಗೋಡೆ, ಚಾವಣಿ ತುಂಬ ಬರೆದ ಚಿತ್ರಗಳು ಅವಸರದವರಿಗೆ ಒಲಿಯುವುದಿಲ್ಲ. ಅಂಥದೇ ಸಾವಧಾನದ ನೋಟಕ್ಕೆ ನಾನು ಮನಸೋತ ಇನ್ನೊಂದು ಜಾಗ ಹೇಳಿದರೆ ನೀವು ಮೂಗು ಮುಚ್ಚಿಕೊಂಡೀರಿ: ಪ್ರಾಣಿಗಳ ಪೋಸ್ಟ್‌ಮಾರ್ಟಂ ಮೇಜು.

1999ರಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಕಾಗೆಗಳು ಸತ್ತು ಬೀಳತೊಡಗಿದವು. ಬ್ರಾಂಕ್ಸ್ ಮೃಗಾಲಯದ ಪಶುವೈದ್ಯ ರೋಗಶಾಸ್ತ್ರಜ್ಞೆ ಟ್ರೇಸಿ ಮೆಕ್‌ನಮಾರಾ ಅವನ್ನು ಕೊಯ್ದು ನೋಡಿದರು. ಮಿದುಳಲ್ಲಿ ರಕ್ತಸ್ರಾವ, ಹೃದಯಕ್ಕೂ ಪೆಟ್ಟು. ಆಮೇಲೆ ಮೃಗಾಲಯದ ಫ್ಲೆಮಿಂಗೊ, ನೀರುಕಾಗೆಗಳೂ ಸತ್ತವು. ಅದೇ ಹೊತ್ತಿಗೆ ನಗರದ ಜನರಿಗೆ ಮಿದುಳು ಜ್ವರ. ಅದು ಸೇಂಟ್ ಲೂಯಿಸ್ ಎನ್ಸೆಫಲೈಟಿಸ್ ಎಂದರು ಸರ್ಕಾರಿ ತಜ್ಞರು. ಆದರೆ ಆ ವೈರಸ್ ಹಕ್ಕಿಗಳನ್ನು ಕೊಲ್ಲುವುದಿಲ್ಲವಲ್ಲ! ಕುದುರೆಗಳಿಗೆ ಬರುವ ಇನ್ನೊಂದು ಮಿದುಳು ಜ್ವರ ಇರಬಹುದೇ? ಅದು ಬಂದರೆ ಎಮುಗಳು ಉಳಿಯುವುದಿಲ್ಲ. ಮೃಗಾಲಯದ ಎಮುಗಳೋ, ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವು.

ಈ ಘಟ್ಟದಲ್ಲಿ ನಾನು ಪ್ರತಿಸಲವೂ ಓದು ನಿಲ್ಲಿಸಿ ತಲೆದೂಗುತ್ತೇನೆ. ಸತ್ತ ಕಾಗೆಯನ್ನು ಯಾರಾದರೂ ನೋಡಿಯಾರು; ಬದುಕಿದ್ದ ಎಮುವನ್ನು ಸಾಕ್ಷಿಗೆ ಕರೆದರಲ್ಲ, ರುಚಿ ಇರುವುದು ಅಲ್ಲಿ. ಪಟ್ಟು ಬಿಡದೆ ಮಾದರಿಗಳನ್ನು ಸೇನೆಯ ಪ್ರಯೋಗಾಲಯಕ್ಕೂ ಕಳಿಸಿದರು ಮೆಕ್‌ನಮಾರಾ. ಕೊನೆಗೆ ಸಿಕ್ಕಿದ್ದು 1937ರಲ್ಲಿ ಉಗಾಂಡಾದಲ್ಲಿ ಪತ್ತೆಯಾಗಿದ್ದ, ಅಮೆರಿಕ ಅಲ್ಲಿಯವರೆಗೆ ಕಾಣದ ವೆಸ್ಟ್ ನೈಲ್ ವೈರಸ್. ಮುಂದೆ ಅವರು ಕ್ಯಾಲಿಫೋರ್ನಿಯಾದಲ್ಲಿ ಪಶುವೈದ್ಯ ವಿದ್ಯಾರ್ಥಿಗಳಿಗೆ ಮೇಷ್ಟರಾದರು. ಎಮುವಿನ ಪಾಠವನ್ನು ಕಿವಿಯಾರೆ ಕೇಳಿದ ಆ ಹುಡುಗರ ಮೇಲೆ ನನಗೆ ಸಣ್ಣ ಹೊಟ್ಟೆಕಿಚ್ಚಿದೆ.

ನಮ್ಮಲ್ಲಿ ಈ ಸಾಕ್ಷಿ ಹೇಳಿದ್ದು ಮಂಗಗಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ, ಕೋತಿಗಳು ಸಾಯುತ್ತಿದ್ದವು, ಸುತ್ತಲ ಹಳ್ಳಿಗಳಲ್ಲಿ ಜ್ವರ. ಹಳದಿ ಜ್ವರವಿರಬಹುದೇ ಎಂಬ ಅನುಮಾನದಿಂದಲೇ ಹುಡುಕಾಟ ಶುರುವಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಸತ್ತ ಮಂಗಗಳನ್ನು ಪರೀಕ್ಷಿಸಿದಾಗ ಹೊರಬಿದ್ದದ್ದು ಹೊಚ್ಚ ಹೊಸ ವೈರಸ್. 1982-83ರಲ್ಲಿ ಅದು ನಮ್ಮ ಬೆಳ್ತಂಗಡಿಯ ನಿಡ್ಲೆ ಕಡೆಗೂ ಬಂತು. ಮಂಗ ಸತ್ತು ಮೈ ತಣ್ಣಗಾಗುತ್ತಲೇ ಈ ವೈರಸ್ ಹರಡುವ ಉಣ್ಣಿಗಳು ಇಳಿದು ತರಗೆಲೆಯಲ್ಲಿ ಕಾದು ಕೂರುತ್ತವೆ. ಸತ್ತ ಜಾಗದ ಸುತ್ತ ಐವತ್ತು ಅಡಿ ಮದ್ದು ಹಾಕುವುದು ಅದಕ್ಕೇ.

ಘಟ್ಟದ ಬುಡದ ತೋಟಗಳಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹೂಳಲೂ ಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಪಶುವೈದ್ಯರಿಗೋ ಕೂಡಲೇ ತಿಳಿಸಿ.