ಅಕ್ಷರಮಾಲೆಯ ಪ್ರಾಸಪುಸ್ತಕಗಳು

ವಾಡಿಕೆಯಂತೆ ಜನವರಿಯಲ್ಲಿ ವಿಜಯವಾಡದಲ್ಲಿ ನೆರೆಯುವ ಪುಸ್ತಕೋತ್ಸವದಲ್ಲಾಗಲಿ, ವಿಶಾಖಪಟ್ಟಣದ ಅಂಗಡಿಗಳಲ್ಲಾಗಲಿ, ತೆಲುಗು ಮಕ್ಕಳ ಅಕ್ಷರಮಾಲೆಯ ಚಿತ್ರಪುಸ್ತಕವೊಂದನ್ನು ಕೈಗೆತ್ತಿಕೊಂಡ ಕನ್ನಡಿಗನಿಗೆ, ತಲೆಕಟ್ಟಿನ ಅಲ್ಪಭೇದವನ್ನುಳಿದರೆ, ತನ್ನ ಬಾಲ್ಯದ ವರ್ಣಮಾಲೆಯೇ ಎದುರಿಗೆ ನಿಂತಂತಾಗುವುದು. ಅಕಾರಕ್ಕೆ ಅಮ್ಮ, ಆಕಾರಕ್ಕೆ ಆವು. ಸೀರೆಯ ಕೆಂಪು, ಹಸುವಿನ ಬಿಳುಪು, ಸುತ್ತಲೂ ದಪ್ಪನೆಯ ಕಪ್ಪು ಗೆರೆ. ಕೊಂಡಪಲ್ಲಿಯ ಮರದ ಬೊಂಬೆಗಳಲ್ಲಿಯೂ ಏಟಿಕೊಪ್ಪಾಕದ ಅರಗಿನ ಆಟಿಕೆಗಳಲ್ಲಿಯೂ ಕಾಣುವ ಅಚ್ಚಬಣ್ಣದ ಒಲವೇ ಇಲ್ಲಿಯೂ ಉಂಟು.

ಆದರೆ ನನ್ನ ಮೆಚ್ಚುಗೆ ವಿಶೇಷವಾಗಿ ಸಲ್ಲತಕ್ಕದ್ದು ಪ್ರಾಸಕ್ಕೆ. ಪಾದಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವನ್ನಿಡುವುದು ಕನ್ನಡ, ತೆಲುಗು ಕಾವ್ಯಗಳೆರಡರ ಪುರಾತನ ಸಂಪ್ರದಾಯ. ಅದನ್ನು ಬಲ್ಲ ಶಿಶುಪದ್ಯಕಾರನು ಮೊದಲಕ್ಷರವನ್ನು ಪಾಠಕ್ಕೆ ಒಪ್ಪಿಸಿ, ಎರಡನೆಯದರಿಂದ ಕಿವಿಯನ್ನು ಒಲಿಸಿ, ಇನ್ನೂ ಓದಲರಿಯದ ಮಗುವೂ ಮುಂದಿನ ಪದವನ್ನು ತಾನೇ ಊಹಿಸಿ ನುಡಿಯುವಂತೆ ಮಾಡುವನು. ಙ, ಞ, ಣಗಳಿಂದ ಮೊದಲಾಗುವ ಪದಗಳು ದುರ್ಲಭವಾದುದರಿಂದ, ಅಲ್ಲಿ ಅಕ್ಷರವನ್ನು ಪದದೊಳಗೆ ಕುಳ್ಳಿರಿಸಿ, ವೀಣೆಯನ್ನೋ ಬಾಣವನ್ನೋ ಚಿತ್ರಿಸಿ, ಲಯಗೆಡದೆ ಸಾಗಬೇಕು. ಕೌಶಲದ ನಿಜಪರೀಕ್ಷೆ ಅದೇ.

ಇಂತಹ ಪುಸ್ತಕವನ್ನು ಕೊಳ್ಳುವ ತಂದೆತಾಯಿಗಳು ಚಿತ್ರವನ್ನಷ್ಟೇ ನೋಡದೆ, ಅಂಗಡಿಯಲ್ಲಿಯೇ ಒಂದೆರಡು ಪುಟಗಳನ್ನು ಗಟ್ಟಿಯಾಗಿ ಓದಿ, ಕಿವಿ ಒಪ್ಪಿದುದನ್ನೇ ಮನೆಗೆ ಒಯ್ಯಲಿ.